ಕಿವಿಯೊಳಗಿನ ದನಿ, ಕೈಯಲ್ಲಿನ ಹಿಟ್ಟು

ಯಾರೂ ಇಲ್ಲದ ಕೋಣೆಯಲ್ಲಿ ಯಾರೋ ಹೆಸರು ಹಿಡಿದು ಕರೆಯುತ್ತಾರೆ. ಬೈಯುತ್ತಾರೆ, ಹಂಗಿಸುತ್ತಾರೆ, ಒಮ್ಮೊಮ್ಮೆ ಅಪ್ಪಣೆ ಮಾಡುತ್ತಾರೆ. ಗಾಳಿ ಸೋಕಿರಬೇಕೆಂದು ಮನೆಯವರು ತಾಯಿತ ಕಟ್ಟಿಸುತ್ತಾರೆ. ವೈದ್ಯರ ಪ್ರಕಾರ ಇದು ಹಲವು ವೇಳೆ ಇಚ್ಚಿತ್ತ ವಿಕಲತೆಯ, ಅಂದರೆ ಸ್ಕಿಜೋಫ್ರೇನಿಯಾದ ಲಕ್ಷಣ. ಈ ಕಾಯಿಲೆಯವರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿಗೆ ಇಂಥ ದನಿ ಕೇಳಿಸುತ್ತದೆ. ಬಹಳಷ್ಟು ಜನರಿಗೆ ಮಾತ್ರೆಯಿಂದ ದನಿ ತಗ್ಗುತ್ತದೆ, ಮಾತ್ರೆ ಬಿಡಬಾರದು. ಆದರೆ ಹೆದರಿ ಮೂಲೆ ಸೇರಿದ ಜೀವವನ್ನು ಮತ್ತೆ ನಾಲ್ಕು ಜನರ ನಡುವೆ ಕೂರಿಸಲು ಮಾತ್ರೆಯೊಂದೇ ಸಾಲದು.

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಆ ಕೆಲಸ ನಡೆಯುತ್ತಿದೆ. 1847ರ ಹುಚ್ಚಾಸ್ಪತ್ರೆಯಲ್ಲಿ ಬೇರಿರುವ, 1974ರಲ್ಲಿ ಈಗಿನ ಹೆಸರು ಪಡೆದ ಈ ಸಂಸ್ಥೆಯ ಪುನರ್ವಸತಿ ವಿಭಾಗದಲ್ಲಿ ಬೇಕರಿಯಿದೆ. ಮರಗೆಲಸ, ಹೊಲಿಗೆ, ಚಾಪೆ ನೇಯ್ಗೆ, ಮೇಣದಬತ್ತಿಯ ಕೆಲಸಗಳಿವೆ. ಚೇತರಿಸಿಕೊಳ್ಳುತ್ತಿರುವವರು ದುಡಿಯುವ ರೋಸಸ್ ಎಂಬ ಕೆಫೆಯೂ ಇದೆ. ಹಿಟ್ಟು ನಾದುವಾಗ ಹದ ನೋಡಬೇಕು, ಒಲೆಯ ಹೊತ್ತು ಗಮನಿಸಬೇಕು, ಪಕ್ಕದವರನ್ನು ಕೇಳಬೇಕು. ಕಿವಿಯೊಳಗಿನ ದನಿ ನಿಂತಿರಲಿಕ್ಕಿಲ್ಲ; ಆದರೆ ಈಗ ಅದೊಂದೇ ದನಿಯಲ್ಲ.

ಗುಂಪಿನಲ್ಲಿ ಕೂತು ದನಿಯ ಬಗ್ಗೆಯೇ ಮಾತಾಡುವ ದಾರಿಯನ್ನು ತೆರೆದದ್ದು ನೆದರ್ಲೆಂಡ್ಸ್‌ನ ಮನೋವೈದ್ಯ ಮಾರಿಯಸ್ ರೋಮ್. 1987ರಲ್ಲಿ ಅವರು ತಮ್ಮ ರೋಗಿಯೊಬ್ಬರೊಂದಿಗೆ ಟಿ.ವಿ.ಯಲ್ಲಿ ಕಾಣಿಸಿಕೊಂಡಾಗ, ದನಿ ಕೇಳಿಸುತ್ತದೆಂದು ಸುಮಾರು 450 ಮಂದಿ ತಿಳಿಸಿದರು. ಅದನ್ನು ನಿಭಾಯಿಸಲು ಕಲಿತಿದ್ದೇವೆ ಎಂದವರೇ 150ರಷ್ಟು. ಉಳಿದವರಿಗೆ ಹೇಳಿಕೊಡಬಲ್ಲ ಮೇಷ್ಟ್ರುಗಳು ಅವರೊಳಗೇ ಇದ್ದರು! ಹಾಡು ಗುನುಗಿದರೆ, ಗಟ್ಟಿಯಾಗಿ ಓದಿದರೆ ದನಿ ಕುಗ್ಗುತ್ತದೆ ಎಂಬುದು ಅನೇಕರ ಅನುಭವ. ಭಜನೆ ಮಂಡಳಿಗಳಿರುವ ನಮ್ಮೂರುಗಳಿಗೆ ಇದನ್ನು ಬಿಡಿಸಿ ಹೇಳಬೇಕೇ?

ಕೇಳಿಸುವ ದನಿಯೂ ಎಲ್ಲೆಡೆ ಒಂದೇ ಅಲ್ಲ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಚೆನ್ನೈ, ಆಕ್ರಾ, ಕ್ಯಾಲಿಫೋರ್ನಿಯಾಗಳಲ್ಲಿ ದನಿ ಕೇಳಿಸುವ ತಲಾ 20 ಮಂದಿಯನ್ನು ಮಾತಾಡಿಸಿದರು. ಅಮೆರಿಕದವರಿಗೆ ಕೇಳಿದ್ದು ಹೆಚ್ಚಾಗಿ ಅಪರಿಚಿತರ, ಹಿಂಸೆಯ ಮಾತು. ಚೆನ್ನೈನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಂಧುಗಳ ದನಿ: ಅಡುಗೆ ಮಾಡು, ಸ್ನಾನ ಮಾಡು. ಮನೆಯೇ ಕಿವಿಯೊಳಗೆ ಬಂದು ಕೂತಂತೆ. ಹಾಗಿರುವಾಗ ಚಿಕಿತ್ಸೆಯಿಂದ ಮನೆಯವರನ್ನು ದೂರ ಇಡುವುದು ತಪ್ಪೆಂದು ನನಗನ್ನಿಸುತ್ತದೆ.

ಆದರೆ ಗುಂಪು ಕಟ್ಟಿದ ಮಾತ್ರಕ್ಕೆ ಎಲ್ಲವೂ ಆಗದು. ಚಿತ್ರಕಲೆಯ ಗುಂಪುಗಳ ಮೇಲೆ ಬ್ರಿಟನ್ನಿನಲ್ಲಿ ಈ ಕಾಯಿಲೆಯ 417 ಮಂದಿಯನ್ನು ಸೇರಿಸಿ ನಡೆಸಿದ, 2012ರಲ್ಲಿ ಪ್ರಕಟವಾದ ಪರೀಕ್ಷೆ ನಿರಾಸೆ ತಂದಿತು. ವಾರಕ್ಕೊಮ್ಮೆಯ ಆ ತರಗತಿಗೆ ಬಂದವರೇ ಕಡಿಮೆ. ಬಣ್ಣದ ಡಬ್ಬಿಗಿಂತ, ದಿನಾ ಬೆಳಿಗ್ಗೆ ತನಗಾಗಿ ಕಾಯುವ ಕೆಲಸ ಮತ್ತು ಜನ ದೊಡ್ಡದೆಂದು ನಾನು ನಂಬುತ್ತೇನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಕೇಳಿಸುತ್ತಿದ್ದರೆ, ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.