ಬೇಲಿ ಹಾರಿದವರು, ಕ್ಯಾಮೆರಾ ಹಿಡಿದವರು

2019ರ ಜನವರಿಯಲ್ಲಿ ‘ಆಸಿ ಫಾರ್ಮ್ಸ್’ ಎಂಬ ಸಂಘಟನೆ ಆಸ್ಟ್ರೇಲಿಯಾದ ಹೈನುಗಾರಿಕೆ ಮತ್ತು ಹಂದಿ ಸಾಕಣೆ ಕೇಂದ್ರಗಳು, ಕಸಾಯಿಖಾನೆಗಳನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತಿಸಿ ಅಂತರ್ಜಾಲಕ್ಕೆ ಹಾಕಿತು. ಅಲ್ಲಿ ಎಷ್ಟೋ ರೈತರ ಮನೆ, ಮಕ್ಕಳು ಎಲ್ಲ ಇರುವುದು ಜಮೀನಿನಲ್ಲೇ. ಗಲಾಟೆಯಾಯಿತು. ಏಪ್ರಿಲ್ 8ರಂದು ಪ್ರಾಣಿಹಕ್ಕು ಹೋರಾಟಗಾರರು ಮೆಲ್ಬರ್ನ್‌ನ ಫ್ಲಿಂಡರ್ಸ್ ಸ್ಟ್ರೀಟ್ ನಿಲ್ದಾಣದ ಮುಂದೆ ರಸ್ತೆ ತಡೆ ನಡೆಸಿದರು. ಇದಕ್ಕೆ ಉತ್ತರವಾಗಿ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಸತ್ತು ಒಂದು ಕಾಯ್ದೆ ಮಾಡಿತು. ಅದರ ಬಗ್ಗೆ ಎರಡೂ ಕಡೆಯವರು ಹಬ್ಬಿಸಿದ ಮಾತುಗಳಲ್ಲಿ ಅರ್ಧ ಸುಳ್ಳು.

ತಪ್ಪು ಕಲ್ಪನೆ: ಜಮೀನಿಗೆ ನುಗ್ಗಿದವರಿಗೆ ಶಿಕ್ಷೆ ಕೊಡುವುದು ಈ ಕೇಂದ್ರ ಕಾಯ್ದೆ.

ಸತ್ಯ: ಅತಿಕ್ರಮ ಪ್ರವೇಶ ಅಲ್ಲಿ ರಾಜ್ಯಗಳಿಗೆ ಸೇರಿದ ವಿಷಯ. ಕೇಂದ್ರದ ಕಾಯ್ದೆ ಹಿಡಿಯುವುದು ಫೋನು, ಅಂತರ್ಜಾಲದ ಮೂಲಕ ಇತರರನ್ನು ‘ನುಗ್ಗಿ’ ಎಂದು ಪ್ರಚೋದಿಸಿದವರನ್ನು. ಅದಕ್ಕೆ ಗರಿಷ್ಠ 12 ತಿಂಗಳು ಜೈಲು. ಆಸ್ತಿ ಹಾಳುಮಾಡಲು ಅಥವಾ ಕದಿಯಲು ಪ್ರಚೋದಿಸಿದರೆ 5 ವರ್ಷ. ನುಗ್ಗಿದವರಿಗೆ ಶಿಕ್ಷೆ ಹೆಚ್ಚಿಸಿದ್ದು ನ್ಯೂ ಸೌತ್ ವೇಲ್ಸ್‌ನಂಥ ರಾಜ್ಯಗಳು.

ತಪ್ಪು ಕಲ್ಪನೆ: ಸುಮ್ಮನೆ ಒಳಗೆ ಹೋಗಿ ನೋಡಿ ಬಂದರೆ ರೈತನಿಗೇನು ನಷ್ಟ?

ಸತ್ಯ: ಕಾಲುಬಾಯಿ ಜ್ವರದ ಸೋಂಕು ಬೂಟಿನ ಅಡಿಯಲ್ಲೇ ಒಂದು ಕೊಟ್ಟಿಗೆಯಿಂದ ಇನ್ನೊಂದಕ್ಕೆ ಹೋಗಬಲ್ಲದು. ಇದನ್ನು ನಮ್ಮ ಹಳ್ಳಿಗಳಲ್ಲಿ ದನ ಕಟ್ಟಿದವರಿಗೆ ವಿವರಿಸಬೇಕಿಲ್ಲ. ವಿಕ್ಟೋರಿಯಾ ರಾಜ್ಯದ 2022ರ ಕಾನೂನು ನಿಂತಿರುವುದೇ ಈ ನೆಲೆಯ ಮೇಲೆ. ಆದರೆ ಅದರ ರಕ್ಷಣೆ ಬೇಕಾದ ರೈತ ರೋಗ ತಡೆಯ ಯೋಜನೆಯನ್ನು ಬರೆದಿಟ್ಟಿರಬೇಕು, ಪ್ರವೇಶದ್ವಾರದಲ್ಲಿ ಫಲಕ ಹಾಕಿರಬೇಕು.

ತಪ್ಪು ಕಲ್ಪನೆ: 2019ರ ಕಾಯ್ದೆ ಬಂದ ಮೇಲೆ ಕ್ರೌರ್ಯದ ವಿಡಿಯೊ ತೋರಿಸುವುದೇ ಅಪರಾಧ.

ಸತ್ಯ: ಸಾರ್ವಜನಿಕ ಹಿತಕ್ಕಾಗಿ ಸುದ್ದಿ ಮಾಡುವ ಪತ್ರಕರ್ತರಿಗೆ ಆ ಕಾಯ್ದೆಯಲ್ಲೇ ವಿನಾಯಿತಿಯಿದೆ. ಅದಕ್ಕೂ ಮೊದಲೇ, 2001ರಲ್ಲಿ, ಟ್ಯಾಸ್ಮೇನಿಯಾದ ಒಂದು ಮಾಂಸ ಸಂಸ್ಕರಣಾ ಘಟಕದಲ್ಲಿ ಯಾರೋ ನುಗ್ಗಿ ಗುಟ್ಟಾಗಿ ಚಿತ್ರೀಕರಿಸಿದ್ದನ್ನು ಎಬಿಸಿ ವಾಹಿನಿ ಪ್ರಸಾರ ಮಾಡದಂತೆ ತಡೆಯಲು ಅಲ್ಲಿನ ಹೈಕೋರ್ಟ್ ಒಪ್ಪಲಿಲ್ಲ. (ಆಸ್ಟ್ರೇಲಿಯಾದಲ್ಲಿ ಹೈಕೋರ್ಟೇ ಸರ್ವೋಚ್ಚ ನ್ಯಾಯಾಲಯ.)

ಹಾಗಾದರೆ ‘ಬಾಯಿ ಮುಚ್ಚಿಸುವ ಕಾನೂನು’ ಎಂಬ ಕೂಗು ಬರೀ ಸುಳ್ಳೇ? ಅಲ್ಲ, ಬೊಟ್ಟು ಮಾಡಿದ್ದು ತಪ್ಪು ಕಡೆಗೆ, ಅಷ್ಟೆ. ನಿಜವಾದ ಬಿಗಿ ಇರುವುದು ನ್ಯೂ ಸೌತ್ ವೇಲ್ಸ್‌ನ 2007ರ ಕಣ್ಗಾವಲು ಸಾಧನಗಳ ಕಾಯ್ದೆಯಲ್ಲಿ. ಅಕ್ರಮವಾಗಿ ನುಗ್ಗಿ ಗುಪ್ತ ಕ್ಯಾಮೆರಾದಲ್ಲಿ ಸೆರೆಹಿಡಿದದ್ದನ್ನು ಪ್ರಕಟಿಸುವುದಿರಲಿ, ಇಟ್ಟುಕೊಳ್ಳುವುದನ್ನೂ ಅದು ನಿಷೇಧಿಸುತ್ತದೆ. ‘ಫಾರ್ಮ್ ಟ್ರಾನ್ಸ್‌ಪರೆನ್ಸಿ’ ಎಂದು ಹೆಸರು ಬದಲಿಸಿಕೊಂಡಿದ್ದ ಆಸಿ ಫಾರ್ಮ್ಸ್ ಇದನ್ನು ಪ್ರಶ್ನಿಸಿತು. ಅಕ್ರಮ ಪ್ರವೇಶದಲ್ಲಿ ತಾವೇ ಕೈಜೋಡಿಸಿದವರ ಮಟ್ಟಿಗೆ ಈ ನಿಷೇಧ ಸಿಂಧು ಎಂದು 2022ರಲ್ಲಿ ಹೈಕೋರ್ಟ್ ತೀರ್ಪು ಬಂತು. ಏಳು ನ್ಯಾಯಮೂರ್ತಿಗಳಲ್ಲಿ ನಾಲ್ವರು ಆ ಕಡೆ, ಮೂವರು ಈ ಕಡೆ. ವಾದ ಮಾಡುವುದಿದ್ದರೆ ಇದರ ಮೇಲೆ ಮಾಡಬೇಕು.

ತಪ್ಪು ಕಲ್ಪನೆ: ಇನ್ನು ರೈತ ಪ್ರಾಣಿಗಳಿಗೆ ಏನು ಮಾಡಿದರೂ ಕೇಳುವವರಿಲ್ಲ.

ಸತ್ಯ: ಪ್ರಾಣಿಹಿಂಸೆ ತಡೆಯುವ ಕಾನೂನುಗಳು ಹಾಗೆಯೇ ಇವೆ. ನ್ಯೂ ಸೌತ್ ವೇಲ್ಸ್‌ನಲ್ಲಿ ಆರ್‌ಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆಯ ನಿರೀಕ್ಷಕರಿಗೂ ಪೊಲೀಸರಿಗೂ ಜಮೀನಿನೊಳಗೆ ಹೋಗಿ ತನಿಖೆ ಮಾಡುವ ಅಧಿಕಾರ 1979ರ ಕಾಯ್ದೆಯಿಂದಲೇ ಇದೆ. ದೂರನ್ನು ಅವರಿಗೆ ಯಾರು ಬೇಕಾದರೂ ಕೊಡಬಹುದು.