ಒಲೆ ಮತ್ತು ಕೆಂಡದ ಅಡುಗೆಗೆ ಬಳಸುವ ಕಟ್ಟಿಗೆಯ ಶುಚೀಕರಣ ಹಾಗೂ ಸಂಗ್ರಹಣೆ: ಸಾರ್ವಜನಿಕರಿಗೆ ಮಾಹಿತಿ

(ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ಲ ಭಾಗದ ನಾಗರಿಕರ ಉಪಯೋಗಕ್ಕಾಗಿ)

1. ಪೀಠಿಕೆ

ಬಾಗಲಕೋಟೆ ಜಿಲ್ಲೆಯ ಬಹುಪಾಲು ಮನೆಗಳಲ್ಲಿ ಇಂದು ಅಡುಗೆ ಅನಿಲದ ಸಂಪರ್ಕವಿದೆ. ಆದಾಗ್ಯೂ ಕಟ್ಟಿಗೆಯ ಒಲೆಯು ಸಂಪೂರ್ಣವಾಗಿ ಮರೆಯಾಗಿಲ್ಲ. ಜೋಳದ ರೊಟ್ಟಿಯನ್ನು ಹಂಚಿನಿಂದ ತೆಗೆದು ಕೆಂಡದ ಮುಂದೆ ನಿಲ್ಲಿಸಿ ಸುಡುವುದು, ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಬಜ್ಜಿ ಮಾಡುವುದು, ಮೆಕ್ಕೆಜೋಳದ ತೆನೆ ಹಾಗೂ ಕಡಲೆಯ ಸುಲಗಾಯಿಗಳನ್ನು ಸುಡುವುದು ಇಲ್ಲಿನ ರೂಢಿಯಾಗಿದೆ. ಹಿಂಗಾರಿನ ಜೋಳವು ಹಾಲುಗಾಳಿನ ಹಂತದಲ್ಲಿರುವಾಗ ತೆನೆಗಳನ್ನು ಹೊಲದಲ್ಲಿಯೇ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಸೀತನಿಯಾಗಿ ತಿನ್ನುವ ಪದ್ಧತಿಯೂ ಇದೆ.

ಕೊಡಗಿನಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಮಾಂಸವನ್ನು ಹೊಗೆಗೆ ಒಣಗಿಸಿಡುವ ರೂಢಿಯಿದೆ. ನಮ್ಮ ಭಾಗದಲ್ಲಿ ಹಾಗೆ ದಿನಗಟ್ಟಲೆ ಹೊಗೆ ಹಾಕುವ ಪದ್ಧತಿ ಇಲ್ಲವಾದರೂ, ಮೇಲ್ಕಂಡ ಆಹಾರಗಳೆಲ್ಲವೂ ಪಾತ್ರೆಯ ಅಡ್ಡವಿಲ್ಲದೆ ನೇರವಾಗಿ ಹೊಗೆ, ಕೆಂಡ ಮತ್ತು ಬೂದಿಯ ಸಂಪರ್ಕಕ್ಕೆ ಬರುತ್ತವೆ. ಕಟ್ಟಿಗೆಯ ಮೇಲೆ ಹಾಗೂ ಒಳಗೆ ಏನಿರುವುದೋ ಅದರ ಅಂಶವು ಆಹಾರವನ್ನೂ, ಒಲೆಯ ಮುಂದೆ ಕುಳಿತವರ ಶ್ವಾಸಕೋಶವನ್ನೂ ಸೇರುತ್ತದೆ. ಆದ್ದರಿಂದ ಮನೆಯ ಕಾಳುಕಡಿಗಳಿಗೆ ತೋರುವ ಎಚ್ಚರಿಕೆಯನ್ನೇ ಕಟ್ಟಿಗೆಗೂ ತೋರುವುದು ಅವಶ್ಯವಾಗಿದೆ.

2. ಸೂಕ್ತವಾದ ಕಟ್ಟಿಗೆ

(ಅ) ಜಾಲಿ ಹಾಗೂ ಬಳ್ಳಾರಿ ಜಾಲಿ: ಇವು ಗಟ್ಟಿ ಜಾತಿಯ ಕಟ್ಟಿಗೆಗಳು. ನಿಧಾನವಾಗಿ ಉರಿದು ಬಹಳ ಹೊತ್ತು ನಿಲ್ಲುವ ಕೆಂಡವನ್ನು ನೀಡುತ್ತವೆ. ಅಮೆರಿಕದ ಟೆಕ್ಸಾಸ್ ಪ್ರಾಂತ್ಯ ಹಾಗೂ ಮೆಕ್ಸಿಕೊ ದೇಶದಲ್ಲಿ ಮಾಂಸವನ್ನು ಸುಡಲು ಮತ್ತು ಹೊಗೆ ಹಾಕಲು ಹೆಸರಾದ ಮೆಸ್ಕೀಟ್ ಮರವು ಬಳ್ಳಾರಿ ಜಾಲಿಯ ಹತ್ತಿರದ ಸಂಬಂಧಿಯೇ ಆಗಿದೆ.

(ಆ) ತೊಗರಿ ಕಟ್ಟಿಗೆ ಮತ್ತು ಜೋಳದ ದಂಟು: ಬೇಗ ಹೊತ್ತಿಕೊಳ್ಳುವುದರಿಂದ ಒಲೆ ಹೊತ್ತಿಸಲು ಅನುಕೂಲ. ಕೆಂಡವು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

(ಇ) ಕುಳ್ಳು: ಸಗಣಿ ಮತ್ತು ಹೊಟ್ಟಿನಿಂದ ಮಾತ್ರ ತಟ್ಟಿದ, ಎರಡೂ ಬದಿ ಚೆನ್ನಾಗಿ ಒಣಗಿದ ಕುಳ್ಳನ್ನೇ ಬಳಸತಕ್ಕದ್ದು. ಸಗಣಿಯೊಂದಿಗೆ ಪ್ಲಾಸ್ಟಿಕ್ ಚೂರುಗಳು ಸೇರದಂತೆ ನೋಡಿಕೊಳ್ಳಬೇಕು. ಕುಳ್ಳಿನಿಂದ ಹೊಗೆ ಹೆಚ್ಚು ಬರುವುದರಿಂದ ಅದನ್ನು ಬಯಲಿನಲ್ಲಿ ಉರಿಸಿ, ಜ್ವಾಲೆ ಇಳಿದ ನಂತರ ತೆನೆಗಳನ್ನು ಇಡುವುದು ಲೇಸು.

3. ಬಳಸಬಾರದ ವಸ್ತುಗಳು

(ಅ) ಬಣ್ಣ ಅಥವಾ ವಾರ್ನಿಷ್ ಬಳಿದ ಹಳೆಯ ಬಾಗಿಲು, ಕಿಟಕಿ, ಮಂಚದ ಕಟ್ಟಿಗೆ. ಹಳೆಯ ಬಣ್ಣಗಳಲ್ಲಿ ಸೀಸದ ಅಂಶವಿರುವ ಸಾಧ್ಯತೆ ಇದ್ದು, ಅದು ವಿಶೇಷವಾಗಿ ಮಕ್ಕಳಿಗೆ ಅಪಾಯಕಾರಿ.

(ಆ) ಪ್ಲೈವುಡ್ ಹಾಗೂ ಅಂಟಿನಿಂದ ಒತ್ತಿ ಮಾಡಿದ ಹಲಗೆಗಳು. ಡಾಂಬರಿನಂತಹ ಎಣ್ಣೆ ಕುಡಿಸಿದ ರೈಲ್ವೆ ಸ್ಲೀಪರ್‌ಗಳು. ಗೆದ್ದಲು ನಿರೋಧಕ ಔಷಧ ಬಳಿದ ಮರ.

(ಇ) ಕಣಗಿಲೆ, ಎಕ್ಕೆ ಮತ್ತು ಕಳ್ಳಿ. ಕಣಗಿಲೆಯ ಎಲ್ಲ ಭಾಗಗಳೂ ವಿಷಯುಕ್ತವಾಗಿವೆ. ಎಕ್ಕೆ ಮತ್ತು ಕಳ್ಳಿಯ ಹಾಲು ಕಣ್ಣು ಹಾಗೂ ಚರ್ಮಕ್ಕೆ ಹಾನಿಕರ.

(ಈ) ಒಲೆ ಹೊತ್ತಿಸಲು ಟೈರಿನ ತುಂಡು, ಹಳೆಯ ಚಪ್ಪಲಿ, ಪ್ಲಾಸ್ಟಿಕ್ ಚೀಲ. ನೇಕಾರರ ಮನೆಗಳಲ್ಲಿ ಉಳಿಯುವ ಬಣ್ಣದ ಅಥವಾ ಕೃತಕ ನೂಲಿನ ತ್ಯಾಜ್ಯವನ್ನೂ ಒಲೆಗೆ ಹಾಕಬಾರದು.

(ಉ) ಬೇವಿನ ಕಟ್ಟಿಗೆಯು ಮುಚ್ಚಿದ ಪಾತ್ರೆಯ ಅಡುಗೆಗೆ ನಡೆಯುತ್ತದೆ. ಆದರೆ ಅದರ ಹೊಗೆಯು ಕಹಿಯಾಗಿರುವುದರಿಂದ ನೇರವಾಗಿ ಸುಡುವ ಆಹಾರಕ್ಕೆ ಹೊಂದುವುದಿಲ್ಲ.

(ಊ) ಹತ್ತಿ ಕಟ್ಟಿಗೆಯ ಮೇಲೆ ಕೀಟನಾಶಕದ ಶೇಷ ಉಳಿದಿರಬಹುದಾದ್ದರಿಂದ ಅದರ ಕೆಂಡದಲ್ಲಿ ಆಹಾರವನ್ನು ನೇರವಾಗಿ ಸುಡದಿರುವುದು ಒಳಿತು. ಇದಲ್ಲದೆ, ಗಿಡದಲ್ಲಿ ಉಳಿದ ಒಣಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳುಗಳು ಅಡಗಿದ್ದು, ಮುಂದಿನ ಹಂಗಾಮಿನಲ್ಲಿ ಹೊರಬಂದು ಬೆಳೆಗೆ ತಗಲುತ್ತವೆ. ಆದುದರಿಂದ ಕಾಯಿಗಳನ್ನು ಬೇರ್ಪಡಿಸಿ ನಾಶಪಡಿಸಬೇಕು ಮತ್ತು ಹತ್ತಿ ಕಟ್ಟಿಗೆಯನ್ನು ಮುಂಗಾರಿನವರೆಗೆ ಒಟ್ಟಿ ಇಡಬಾರದು.

4. ಶುಚಿಗೊಳಿಸುವ ವಿಧಾನ

ಕಟ್ಟಿಗೆಯನ್ನು ನೀರಿನಿಂದ ತೊಳೆಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಣ ವಿಧಾನವೇ ಉತ್ತಮ.

(ಅ) ಹುನಗುಂದ ಭಾಗದ ಎರೆಮಣ್ಣು ಕಟ್ಟಿಗೆಗೆ ಅಂಟಿಕೊಂಡು ತೇವವನ್ನು ಹಿಡಿದಿಡುತ್ತದೆ. ಮೊದಲು ಬಿಸಿಲಿಗೆ ಹಾಕಿ, ಮಣ್ಣು ಒಣಗಿದ ನಂತರ ಕೊಡವಿ, ಗಡಸು ಬ್ರಷ್ ಅಥವಾ ತೆಂಗಿನ ನಾರಿನಿಂದ ಉಜ್ಜಬೇಕು.

(ಆ) ಸಡಿಲವಾದ ತೊಗಟೆಯನ್ನು ತೆಗೆಯಬೇಕು. ಬೂಷ್ಟು, ಹುಳು ಮತ್ತು ಧೂಳು ಹೆಚ್ಚಾಗಿ ಅದರ ಕೆಳಗೇ ಇರುತ್ತವೆ.

(ಇ) ಜಾಲಿಯ ಮುಳ್ಳುಗಳನ್ನು ಕಡಿದ ಸ್ಥಳದಲ್ಲಿಯೇ ಸವರಿ ಒಂದೆಡೆ ಹಾಕಬೇಕು. ಮೊಳೆ, ತಂತಿ ಇದ್ದಲ್ಲಿ ಕಿತ್ತು ತೆಗೆಯಬೇಕು.

(ಈ) ಹಸಿರು, ಕಪ್ಪು ಅಥವಾ ಬಿಳಿ ಬೂಷ್ಟು ಒಳಭಾಗಕ್ಕೂ ಇಳಿದಿರುವ, ಹಿಸುಕಿದರೆ ಪುಡಿಯಾಗುವ ಕಟ್ಟಿಗೆಯನ್ನು ಆಹಾರ ಸುಡಲು ಬಳಸಬಾರದು.

(ಉ) ಗೆದ್ದಲು ಅಥವಾ ಕೊರಕ ಹುಳು ಕಂಡಲ್ಲಿ ಆ ತುಂಡುಗಳನ್ನು ಬೇರ್ಪಡಿಸಿ ಬಿಸಿಲಿಗೆ ಹಾಕಬೇಕು. ಯಾವುದೇ ಕಾರಣಕ್ಕೂ ಉರುವಲಿನ ಮೇಲೆ ಕೀಟನಾಶಕ ಸಿಂಪಡಿಸಬಾರದು.

5. ಒಣಗಿಸುವುದು

ಹಸಿಮರದ ತೂಕದ ಅರ್ಧದಷ್ಟು ನೀರೇ ಇರಬಹುದು. ಉರಿಸಲು ಯೋಗ್ಯವಾದ ಕಟ್ಟಿಗೆಯಲ್ಲಿ ತೇವಾಂಶವು ಶೇಕಡಾ 20ಕ್ಕಿಂತ ಕಡಿಮೆ ಇರಬೇಕು. ತೇವವಿದ್ದಲ್ಲಿ ಉರಿಯ ಶಾಖವು ಮೊದಲು ನೀರನ್ನು ಆವಿಯಾಗಿಸಲು ವ್ಯಯವಾಗುತ್ತದೆ; ಕಟ್ಟಿಗೆಯು ಪೂರ್ತಿ ಉರಿಯದೆ ದಟ್ಟ ಬಿಳಿ ಹೊಗೆ ಮತ್ತು ಮಸಿ ಬರುತ್ತದೆ. ಆ ಮಸಿಯು ಆಹಾರಕ್ಕೆ ಕಹಿಯನ್ನು ತರುತ್ತದೆ, ಅದರಲ್ಲಿ ಕ್ಯಾನ್ಸರ್‌ಕಾರಕ ಅಂಶಗಳೂ ಇರುತ್ತವೆ.

ಇದರಲ್ಲಿ ಹಣದ ಲೆಕ್ಕವೂ ಇದೆ. ಶೇಕಡಾ 40 ತೇವಾಂಶವಿರುವ 100 ಕಿಲೋ ಕಟ್ಟಿಗೆಯನ್ನು ತೂಕಕ್ಕೆ ಕೊಂಡರೆ ಅದರಲ್ಲಿ ಒಣ ಪದಾರ್ಥ ಇರುವುದು 60 ಕಿಲೋ ಮಾತ್ರ. ಅದೇ ಕಟ್ಟಿಗೆ ಶೇಕಡಾ 20ಕ್ಕೆ ಒಣಗಿದಾಗ ಒಟ್ಟು 75 ಕಿಲೋ ತೂಗುತ್ತದೆ. ಅಂದರೆ ಕೊಟ್ಟ ಹಣದ ನಾಲ್ಕನೆಯ ಒಂದು ಭಾಗವು ಆವಿಯಾಗಿ ಹೋಗುವ ನೀರಿಗೆ ಸಂದಾಯವಾದಂತೆ.

ಜಿಲ್ಲೆಯಲ್ಲಿ ಮಳೆ ಕಡಿಮೆ, ಬಿಸಿಲು ಹೆಚ್ಚು. ಈ ಅನುಕೂಲವನ್ನು ಬಳಸಿಕೊಳ್ಳಬೇಕು. ಶಿವರಾತ್ರಿಯ ಹೊತ್ತಿಗೆ ಕಟ್ಟಿಗೆಯನ್ನು ಒಂದರಿಂದ ಒಂದೂವರೆ ಅಡಿ ಉದ್ದಕ್ಕೆ ತುಂಡರಿಸಿ, ಮುಂಗೈ ದಪ್ಪಕ್ಕೆ ಸೀಳಿ ಹರಡಿದಲ್ಲಿ, ಮೃಗಶಿರ ಮಳೆ ಬರುವ ವೇಳೆಗೆ ಸಾಮಾನ್ಯವಾಗಿ ಬಳಕೆಗೆ ಸಿದ್ಧವಾಗುತ್ತದೆ. ಸೀಳದ ದಪ್ಪ ಕೊರಡುಗಳಿಗೆ ಇನ್ನೂ ಹೆಚ್ಚಿನ ಕಾಲ ಬೇಕು.

ಒಣಗಿರುವುದನ್ನು ತಿಳಿಯುವ ಬಗೆ: ತುದಿಗಳಲ್ಲಿ ಬಿರುಕು ಕಾಣುತ್ತದೆ, ತೊಗಟೆ ತಾನಾಗಿ ಬಿಡುತ್ತದೆ, ಎರಡು ತುಂಡುಗಳನ್ನು ಬಡಿದರೆ ಟಣ್ ಎಂಬ ಸ್ಪಷ್ಟ ಶಬ್ದ ಬರುತ್ತದೆ. ಗುರುತು ಹಾಕಿದ ಒಂದು ತುಂಡನ್ನು ವಾರಕ್ಕೊಮ್ಮೆ ತೂಗಿ, ಸತತ ಎರಡು ವಾರ ತೂಕ ಇಳಿಯದಿದ್ದರೆ ಒಣಗಿದೆ ಎಂದು ತಿಳಿಯಬಹುದು.

6. ಸಂಗ್ರಹಣೆ

(ಅ) ಕಟ್ಟಿಗೆಯನ್ನು ನೆಲದ ಮೇಲೆ ನೇರವಾಗಿ ಒಟ್ಟಬಾರದು. ಕನಿಷ್ಠ ಅರ್ಧ ಅಡಿ ಎತ್ತರದ ಕಟ್ಟೆ ಇರಬೇಕು. ಇಳಕಲ್ಲ ಭಾಗದಲ್ಲಿ ಗಣಿಗಳಿಂದ ಉಳಿಯುವ ಗ್ರಾನೈಟ್ ತುಂಡುಗಳು, ಬಾದಾಮಿ ಭಾಗದಲ್ಲಿ ಮರಳುಗಲ್ಲಿನ ಚಪ್ಪಡಿಗಳು ಇದಕ್ಕೆ ಸಾಕು.

(ಆ) ಗೋಡೆಯಿಂದ ಒಂದು ಅಡಿ ಅಂತರವಿರಲಿ. ತುಂಡುಗಳ ನಡುವೆ ಗಾಳಿಯಾಡಲು ಸಂದು ಬಿಟ್ಟು ಅಡ್ಡಡ್ಡವಾಗಿ ಜೋಡಿಸಬೇಕು.

(ಇ) ಮಳೆಗಾಲದಲ್ಲಿ ಮೇಲ್ಭಾಗಕ್ಕೆ ಮಾತ್ರ ತಗಡು ಅಥವಾ ತಾಡಪತ್ರಿ ಹಾಕಬೇಕು. ತಾಡಪತ್ರಿಯನ್ನು ನೆಲದವರೆಗೆ ಇಳಿಬಿಟ್ಟು ಕಟ್ಟಿದರೆ ಒಳಗಿನ ತೇವ ಹೊರಹೋಗದೆ ಬೂಷ್ಟು ಹಿಡಿಯುತ್ತದೆ.

(ಈ) ಒಟ್ಟು ಒಲೆಯಿಂದ, ಮೇವಿನ ಬಣವಿಯಿಂದ ಹಾಗೂ ಅನಿಲ ಸಿಲಿಂಡರಿನಿಂದ ದೂರವಿರಬೇಕು. ಕುಣಿಮಗ್ಗವಿರುವ ಮನೆಗಳಲ್ಲಿ ನೂಲು, ರೇಷ್ಮೆ ಮತ್ತು ನೇಯ್ದ ಸೀರೆಗಳು ಬೇಗ ಬೆಂಕಿಗೆ ತುತ್ತಾಗುವವು. ಮಸಿ ತಗುಲಿದರೂ ಮಾಲು ಕೆಡುವುದು. ಅಂತಹ ಮನೆಗಳಲ್ಲಿ ಒಲೆ ಮತ್ತು ಕಟ್ಟಿಗೆ ಎರಡೂ ಹಿತ್ತಲಿನಲ್ಲಿರುವುದು ಕ್ಷೇಮ.

(ಉ) ಮೊದಲು ಬಂದ ಕಟ್ಟಿಗೆಯನ್ನು ಮೊದಲು ಬಳಸಬೇಕು. ಹೊಸದನ್ನು ಹಳೆಯದರ ಮೇಲೆ ಹೇರದೆ ಬೇರೆ ಸಾಲಿನಲ್ಲಿ ಇಡಬೇಕು.

(ಊ) ಕಟ್ಟಿಗೆಯ ಒಟ್ಟಿನಲ್ಲಿ ಇಲಿ ಸೇರುತ್ತವೆ. ಇಲಿಯನ್ನರಸಿ ನಾಗರಹಾವು, ಕಟ್ಟುಹಾವು, ಮಂಡಲದ ಹಾವುಗಳು ಬರುತ್ತವೆ. ಚೇಳುಗಳೂ ಇರುತ್ತವೆ. ಕತ್ತಲಲ್ಲಿ ಕೈ ಹಾಕಬಾರದು. ಮೊದಲು ಕೋಲಿನಿಂದ ತಟ್ಟಿ, ಬೆಳಕಿನಲ್ಲಿ ನೋಡಿ ತೆಗೆಯಬೇಕು. ಸಂಜೆಗೆ ಬೇಕಾದಷ್ಟನ್ನು ಹಗಲಿನಲ್ಲಿಯೇ ತೆಗೆದಿಟ್ಟುಕೊಳ್ಳುವುದು ಉತ್ತಮ. ಈ ಕೆಲಸಕ್ಕೆ ಮಕ್ಕಳನ್ನು ಕಳುಹಿಸಬಾರದು.

7. ನೆರೆಯಲ್ಲಿ ನೆನೆದ ಕಟ್ಟಿಗೆ

2009ರಲ್ಲಿ ಹಾಗೂ 2019ರ ಆಗಸ್ಟ್ ತಿಂಗಳಿನಲ್ಲಿ ಬಂದ ನೆರೆಯಿಂದ ಮಲಪ್ರಭಾ ದಂಡೆಯ ಗ್ರಾಮಗಳು ತೀವ್ರ ತೊಂದರೆಗೆ ಒಳಗಾದವು. ನೆರೆಯ ನೀರಿನಲ್ಲಿ ಚರಂಡಿ ನೀರು, ಸತ್ತ ಪ್ರಾಣಿಗಳ ಅವಶೇಷ ಹಾಗೂ ಹೊಲದ ರಾಸಾಯನಿಕಗಳು ಬೆರೆತಿರುತ್ತವೆ. ಅಂತಹ ನೀರಿನಲ್ಲಿ ನೆನೆದ ಅಥವಾ ಹೊಳೆಯಲ್ಲಿ ತೇಲಿಬಂದ ಕಟ್ಟಿಗೆಯನ್ನು ಕೈಗವಸು ಧರಿಸಿ ಹೊರತೆಗೆದು, ಮಣ್ಣನ್ನು ಶುದ್ಧ ನೀರಿನಿಂದ ತೊಳೆದು, ಸೀಳಿ, ಪೂರ್ತಿ ಒಣಗಿಸಬೇಕು. ಒಣಗಿದ ನಂತರವೂ ಇದನ್ನು ಸ್ನಾನದ ನೀರು ಕಾಯಿಸಲು ಮಾತ್ರ ಬಳಸಿ, ಆಹಾರವನ್ನು ನೇರವಾಗಿ ಸುಡಲು ಬಳಸದಿರುವುದು ಸುರಕ್ಷಿತ. ನೆನೆದ ಕುಳ್ಳನ್ನು ಒಲೆಗೆ ಬಳಸದೆ ತಿಪ್ಪೆಗೆ ಹಾಕುವುದೇ ಸರಿ.

8. ಹೊಗೆ ಮತ್ತು ಆರೋಗ್ಯ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ ಮನೆಯೊಳಗಿನ ಹೊಗೆಯಿಂದ ಪ್ರಪಂಚದಲ್ಲಿ ಸುಮಾರು 32 ಲಕ್ಷ ಜನರು ಮೃತಪಟ್ಟಿದ್ದಾರೆ. ಒಲೆಯ ಬಳಿ ಹೆಚ್ಚು ಹೊತ್ತು ಇರುವ ಮಹಿಳೆಯರು ಹಾಗೂ ಚಿಕ್ಕ ಮಕ್ಕಳು ಇದಕ್ಕೆ ಹೆಚ್ಚಾಗಿ ಗುರಿಯಾಗುತ್ತಾರೆ. ಒಣಗಿದ ಶುಚಿಯಾದ ಕಟ್ಟಿಗೆಯು ಹೊಗೆಯನ್ನು ಕಡಿಮೆ ಮಾಡುತ್ತದೆಯೇ ಹೊರತು ಇಲ್ಲವಾಗಿಸುವುದಿಲ್ಲ. ಆದ್ದರಿಂದ ನಿತ್ಯದ ಅಡುಗೆಯನ್ನು ಅನಿಲದಲ್ಲಿ ಮಾಡಿ, ಕಟ್ಟಿಗೆಯನ್ನು ಸುಡುವ ಅಡುಗೆಗೆ ಮಾತ್ರ, ಅದೂ ಬಯಲಿನಲ್ಲಿ ಅಥವಾ ಹೊಗೆ ಹೋಗುವ ಗೂಡಿರುವ ಒಲೆಯಲ್ಲಿ ಬಳಸುವುದು ಸೂಕ್ತ. ಜ್ವಾಲೆ ಇಳಿದು ಕೆಂಡವಾದ ನಂತರವೇ ಆಹಾರವನ್ನು ಇಡಬೇಕು. ಕರಕಲಾದ ಭಾಗವನ್ನು ತೆಗೆದು ತಿನ್ನಬೇಕು.

ಚಳಿಗಾಲದಲ್ಲಿ ಕೆಂಡದ ಬುಟ್ಟಿಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬಾರದು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ನಿದ್ರೆಯಲ್ಲಿಯೇ ಪ್ರಾಣ ಹೋಗಬಹುದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಸ್ವಂತ ಹೊಲದ ಮರವನ್ನು ಉರುವಲಿಗಾಗಿ ಕಡಿಯಲು ಅನುಮತಿ ಬೇಕೆ?
ಉತ್ತರ: ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರನ್ವಯ ಮರ ಕಡಿಯಲು ವೃಕ್ಷ ಅಧಿಕಾರಿಯ ಪೂರ್ವಾನುಮತಿ ಅಗತ್ಯ. ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಕೊಡಲಿ ಹಾಕುವ ಮುನ್ನ ವಲಯ ಅರಣ್ಯ ಅಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಅರಣ್ಯ ಪ್ರದೇಶದಲ್ಲಿ ಅನುಮತಿ ಇಲ್ಲದೆ ಮರ ಕಡಿಯುವುದು ಕರ್ನಾಟಕ ಅರಣ್ಯ ಅಧಿನಿಯಮ, 1963ರ ಪ್ರಕಾರ ಅಪರಾಧ.

ಪ್ರಶ್ನೆ: ಮನೆಯಲ್ಲಿ ಅನಿಲ ಸಂಪರ್ಕವಿಲ್ಲ. ಯಾರನ್ನು ಸಂಪರ್ಕಿಸಬೇಕು?
ಉತ್ತರ: ಬಡ ಕುಟುಂಬದ ವಯಸ್ಕ ಮಹಿಳೆಯರ ಹೆಸರಿನಲ್ಲಿ ಸಂಪರ್ಕ ನೀಡುವ ಪ್ರಧಾನಮಂತ್ರಿ ಉಜ್ವಲ ಯೋಜನೆಯು 2016ರಲ್ಲಿ ಆರಂಭವಾಗಿದೆ. ಆಧಾರ್, ಪಡಿತರ ಚೀಟಿ ಹಾಗೂ ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಸಮೀಪದ ಅನಿಲ ವಿತರಕರಲ್ಲಿ ಅರ್ಹತೆಯ ಬಗ್ಗೆ ವಿಚಾರಿಸಬಹುದು.

ಪ್ರಶ್ನೆ: ಒಲೆ ಹೊತ್ತಿಸಲು ಸೀಮೆಎಣ್ಣೆ ಹಾಕಬಹುದೆ?
ಉತ್ತರ: ಹಾಕಬಾರದು. ಆಹಾರಕ್ಕೆ ವಾಸನೆ ತಗಲುವುದಲ್ಲದೆ, ಬಿಸಿ ಕೆಂಡದ ಮೇಲೆ ಸುರಿದಾಗ ಜ್ವಾಲೆ ಮೇಲೆದ್ದು ಸುಟ್ಟ ಗಾಯಗಳಾಗುತ್ತವೆ. ಒಣ ತೊಗರಿ ಕಟ್ಟಿಗೆ ಸಾಕಾಗುತ್ತದೆ.

ಪ್ರಶ್ನೆ: ಹಾವು ಕಚ್ಚಿದರೆ ಏನು ಮಾಡಬೇಕು?
ಉತ್ತರ: ಗಾಯವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಿಸದೆ, ಮಂತ್ರ-ಔಷಧಿಗಳಲ್ಲಿ ಕಾಲ ಕಳೆಯದೆ, ತಕ್ಷಣ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.

10. ತುರ್ತು ದೂರವಾಣಿ ಸಂಖ್ಯೆಗಳು

ಅಗ್ನಿ ಅವಘಡ ಹಾಗೂ ಇತರೆ ತುರ್ತು ನೆರವು: 112
ಆಂಬ್ಯುಲೆನ್ಸ್: 108
ಅಡುಗೆ ಅನಿಲ ಸೋರಿಕೆ: 1906

ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಗಮನಿಸಿ, ಮುಂಗಾರು ಆರಂಭವಾಗುವ ಮುನ್ನವೇ ಕಟ್ಟಿಗೆಯನ್ನು ಶುಚಿಗೊಳಿಸಿ, ಒಣಗಿಸಿ, ಸುರಕ್ಷಿತವಾಗಿ ಸಂಗ್ರಹಿಸಿಕೊಳ್ಳಬೇಕೆಂದು ಕೋರಲಾಗಿದೆ.