ಪಂದ್ಯದ ಕಾರು: ಇಂಜಿನ್ನಿಗೆ ಕೈ ಹಚ್ಚುವ ಮುನ್ನ



ಕೊಡಗಿನ ಗೋಣಿಕೊಪ್ಪ, ವಿರಾಜಪೇಟೆಯ ಕಡೆ ಭತ್ತದ ಕೊಯ್ಲು ಮುಗಿದು ಗದ್ದೆ ಒಣಗಿದೊಡನೆ ಆಟೋಕ್ರಾಸ್ ಪಂದ್ಯಗಳು ನಡೆಯುವುದು ತಮಗೆಲ್ಲ ತಿಳಿದದ್ದೇ. ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ಒಳರಸ್ತೆಗಳಲ್ಲಿ ರ‍್ಯಾಲಿ ನಡೆಯುವುದೂ ಹೊಸದಲ್ಲ. 2016ರಲ್ಲಿ ಏಷ್ಯಾ-ಪೆಸಿಫಿಕ್ ರ‍್ಯಾಲಿ ಪಂದ್ಯಾವಳಿಯ ಒಂದು ಸುತ್ತೇ ಅಲ್ಲಿ ನಡೆಯಿತು. ಹೀಗಾಗಿ ಹಣ್ಣು ಕೊಯ್ದು, ಪಲ್ಪರ್ ತೊಳೆದಿಟ್ಟ ಮೇಲೆ ನಮ್ಮ ಮನೆಗಳ ಹುಡುಗರು ಷೆಡ್ಡಿನ ಮೂಲೆಯಲ್ಲಿ ಮಲಗಿರುವ ಹಳೆಯ ಪದ್ಮಿನಿಯನ್ನೋ ಮಾರುತಿ 800 ಕಾರನ್ನೋ ಹೊರಗೆಳೆದು, "ಇದನ್ನು ಪಂದ್ಯಕ್ಕೆ ತಯಾರು ಮಾಡುತ್ತೇವೆ, ಸ್ವಲ್ಪ ದುಡ್ಡು ಬೇಕು" ಎಂದು ತಂದೆಯ ಮುಂದೆ ನಿಲ್ಲುವುದು ಪ್ರತಿ ವರ್ಷದ ಕಥೆ. ಬೇಡವೆಂದರೆ ಕೇಳುವವರಲ್ಲ. ಆದುದರಿಂದ ಆ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಳುವುದೇ ಮೇಲೆಂದು ನಮಗೆ ತೋರಿದೆ.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇವೆ. ನಮ್ಮಲ್ಲಿದ್ದ ಹಳೆಯ ಪದ್ಮಿನಿಗೆ ಮುಂದೆ ಒಂದೇ ಉದ್ದನೆಯ ರೆಕ್ಸಿನ್ ಸೀಟು. ಗೇರಿನ ಕೋಲು ಸ್ಟೀರಿಂಗ್ ಕಂಬದ ಮೇಲೆ. ಇಂಜಿನ್ ಕೆಲಸಕ್ಕೆ ಒಂದು ವರ್ಷದ ಮೆಣಸಿನ ಹಣ ಪೂರ್ತಿ ಹೋಯಿತು. ಸೀಟನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಪಂದ್ಯದ ದಿನ ಗದ್ದೆಯಲ್ಲಿ ಎರಡನೆಯ ಬಲತಿರುವು ಬಂದಾಗ ನಮ್ಮ ಹುಡುಗ ಆ ರೆಕ್ಸಿನ್ನಿನ ಮೇಲೆ ಎಡಕ್ಕೆ ಜಾರಿದ. ಜಾರದಿರಲು ಎರಡೂ ಕೈಯಿಂದ ಸ್ಟೀರಿಂಗನ್ನೇ ಜೋತುಬಿದ್ದು ಹಿಡಿದ. ಗೇರು ಇಳಿಸಲು ಕೈ ಬಿಡುವಂತಿಲ್ಲ, ಬ್ರೇಕಿನ ಮೇಲೆ ಕಾಲು ನೆಟ್ಟಗೆ ಬೀಳುತ್ತಿಲ್ಲ. ಕಾರು ಬದು ಹಾರಿ ಮಗುಚಿತು. ಕೊರಳೆಲುಬು ಮುರಿದದ್ದು ಮೂರು ತಿಂಗಳಲ್ಲಿ ಕೂಡಿಕೊಂಡಿತು. ಅಂದು ಗದ್ದೆಯಲ್ಲಿದ್ದ ಇಂಜಿನ್ನುಗಳಲ್ಲೆಲ್ಲ ನಮ್ಮದೇ ಚುರುಕಾಗಿತ್ತೆಂದು ನೋಡಿದವರು ಹೇಳುತ್ತಾರೆ.

ಸ್ಟೀರಿಂಗ್ ಇರುವುದು ಕಾರನ್ನು ತಿರುಗಿಸಲಿಕ್ಕೆ, ಚಾಲಕ ಹಿಡಿದು ನೇತಾಡಲಿಕ್ಕಲ್ಲ. ಮೈಯನ್ನು ಹಿಡಿದಿಡುವ ಕೆಲಸ ಸೀಟು ಮತ್ತು ಬೆಲ್ಟಿನದು. ಹಾಗಾದಾಗ ಮಾತ್ರ ಕೈಗೆ ಟೈರಿನ ಹಿಡಿತ ಎಲ್ಲಿ ತಪ್ಪುತ್ತಿದೆ ಎಂಬುದು ತಿಳಿಯುತ್ತದೆ. ಎರಡೂ ಪಕ್ಕಗಳಲ್ಲಿ ಎದ್ದು ನಿಂತ, ಪಕ್ಕೆಯನ್ನೂ ತೊಡೆಯನ್ನೂ ತಬ್ಬಿ ಹಿಡಿಯುವ ಬಕೆಟ್ ಸೀಟು ಮೊದಲನೆಯ ಖರ್ಚು. ಅದರಲ್ಲಿ ಬೆನ್ನು ಪೂರ್ತಿ ಆನಿಸಿ ಕುಳಿತು ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಚಕ್ರದ ನೆತ್ತಿಯ ಮೇಲೆ ಕೂರಬೇಕು. ಭುಜ ಸೀಟನ್ನು ಬಿಡಬಾರದು. ಆಗ ಚಕ್ರ ಹಿಡಿದಾಗ ಮೊಣಕೈ ತಾನಾಗಿಯೇ ಬಾಗಿರುತ್ತದೆ. ಕ್ಲಚ್ಚನ್ನು ನೆಲದವರೆಗೆ ಒತ್ತಿದಾಗಲೂ ಮಂಡಿ ಸ್ವಲ್ಪ ಬಾಗಿಯೇ ಇರಬೇಕು; ಕಾಲು ಪೂರ್ತಿ ನೀಳವಾದರೆ ಅಪಘಾತದ ಪೆಟ್ಟು ನೇರ ಸೊಂಟಕ್ಕೆ ಏರುತ್ತದೆ. ಸಿನಿಮಾದಲ್ಲಿ ಕಂಡಂತೆ ಹಿಂದಕ್ಕೆ ಒರಗಿ, ಕೈ ನೀಡಿ ಓಡಿಸುವುದು ನೋಡಲು ಚೆನ್ನ. ಗದ್ದೆಯ ತಿರುವಿನಲ್ಲಿ ಆ ಕೈಗೆ ಬಲವೇ ಇರುವುದಿಲ್ಲ.

ಚಕ್ರ ದೂರವಾದರೆ ನಡುವೆ ಬಾಸ್ ಹಾಕಿ ಹತ್ತಿರ ತರಬಹುದು. ಕ್ಲಚ್ಚಿನ ಎಡಕ್ಕೆ ನೆಲಕ್ಕೆ ಒಂದು ತಗಡಿನ ಮೆಟ್ಟನ್ನು ಬಿಗಿದು ಎಡಗಾಲನ್ನು ಅಲ್ಲಿ ಒತ್ತಿ ಕೂರುವ ಏರ್ಪಾಡಾದರೆ ಅರ್ಧ ಜಾರಾಟ ನಿಲ್ಲುತ್ತದೆ; ಇದಕ್ಕೆ ಹಳ್ಳಿಯ ವೆಲ್ಡಿಂಗ್ ಅಂಗಡಿಯೇ ಸಾಕು. ಬ್ರೇಕು ಒತ್ತಿದ ಸ್ಥಿತಿಯಲ್ಲಿ ಬ್ರೇಕಿನ ಮತ್ತು ಆಕ್ಸಿಲರೇಟರಿನ ಪೆಡಲುಗಳು ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರಬೇಕು. ಆಗ ಒಂದೇ ಬಲಗಾಲಿನಲ್ಲಿ ಬ್ರೇಕು ಒತ್ತುತ್ತಲೇ ಇಂಜಿನ್ನಿನ ವೇಗ ಏರಿಸಿ ಗೇರು ಇಳಿಸಲು ಬರುತ್ತದೆ. ಹೆಲ್ಮೆಟ್ ಹಾಕಿಕೊಂಡೇ ಅಳತೆ ನೋಡತಕ್ಕದ್ದು. ಬರಿತಲೆಯಲ್ಲಿ ಸರಿಯಾಗಿದ್ದ ಸೀಟು ಹೆಲ್ಮೆಟ್ಟಿಗೆ ಮಾಡು ತಾಗಿಸುವುದುಂಟು.

ಸೀಟಿಗೆ ಖರ್ಚು ಮಾಡಿ ಬೋಲ್ಟಿಗೆ ಜಿಪುಣತನ ಮಾಡುವವರನ್ನೂ ಕಂಡಿದ್ದೇವೆ. ಹಳೆಯ ಕಾರಿನ ನೆಲದ ತಗಡು ನಮ್ಮ ಮಲೆನಾಡಿನ ಮಳೆಗೆ ಒಳಗೊಳಗೇ ತುಕ್ಕು ಹಿಡಿದಿರುತ್ತದೆ. ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಿಂದ ಕುಟ್ಟಿ ನೋಡಿದರೆ ಗೊತ್ತಾಗುತ್ತದೆ. ಅಂತಹ ತಗಡಿಗೆ ಬರೇ ವಾಷರು ಕೊಟ್ಟು ಬಿಗಿದರೆ ಪೆಟ್ಟು ಬಿದ್ದಾಗ ಬೋಲ್ಟು ತಗಡನ್ನು ಹರಿದುಕೊಂಡೇ ಬರುತ್ತದೆ. ಅಂತರರಾಷ್ಟ್ರೀಯ ನಿಯಮದಂತೆ ಕನಿಷ್ಠ ನಾಲ್ಕು ಕಡೆ, 8 ಮಿ.ಮೀ.ಗೆ ಕಡಿಮೆಯಿಲ್ಲದ ಬೋಲ್ಟು, ತಗಡಿನ ಕೆಳಗೆ ದಪ್ಪ ಉಕ್ಕಿನ ಪಟ್ಟಿ ಇರಬೇಕು. ಬೆಲ್ಟಿನ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಭುಜದ ಪಟ್ಟಿಗಳನ್ನು ಸೀಟಿನ ಹಿಂದೆಯೇ ನೇರ ಕೆಳಗೆ ನೆಲಕ್ಕೆ ಕಟ್ಟಿಬಿಡುತ್ತಾರೆ. ಹಾಗೆ ಕಟ್ಟಿದ ಪಟ್ಟಿ ಪೆಟ್ಟಿನ ಹೊತ್ತಿನಲ್ಲಿ ಭುಜವನ್ನು ಕೆಳಕ್ಕೆ ಜಗ್ಗಿ ಬೆನ್ನುಹುರಿಯನ್ನು ಅಮುಕುತ್ತದೆ. ಪಟ್ಟಿಗಳು ಹಿಂದಕ್ಕೆ ಹೋಗಬೇಕು; ಇಳಿಜಾರು 45 ಡಿಗ್ರಿಯನ್ನು ಎಂದಿಗೂ ಮೀರಬಾರದು, 10 ಡಿಗ್ರಿಯ ಆಸುಪಾಸಿನಲ್ಲಿದ್ದರೆ ಉತ್ತಮ. ನಡುವಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು.

ರ‍್ಯಾಲಿಗೆ ಹೋಗುವ ಕಾರಿಗೆ ಒಳಗಡೆ ಉಕ್ಕಿನ ಕೇಜು ಬೇಕು. ಇಲ್ಲಿ ನಮ್ಮವರಿಗೆ ತಕ್ಷಣ ನೆನಪಾಗುವುದು ಸ್ಪ್ರಿಂಕ್ಲರ್ ಲೈನಿನಲ್ಲಿ ಉಳಿದ ಜಿ.ಐ. ಪೈಪು. ದಯವಿಟ್ಟು ಬೇಡ. ನೀರಿನ ಪೈಪಿಗೆ ಉದ್ದಕ್ಕೂ ಬೆಸುಗೆಯ ಗೆರೆ ಇರುತ್ತದೆ. ಬಾಗಿಸಿದಲ್ಲಿ ಅದೇ ಬಾಯಿ ಬಿಡುತ್ತದೆ. ಮೇಲಿನ ಸತುವಿನ ಲೇಪ ವೆಲ್ಡಿಂಗ್ ಮಾಡುವಾಗ ಹೊಗೆಯಾಗಿ ಬೆಸುಗೆಯನ್ನೂ ಕೆಡಿಸುತ್ತದೆ, ಮಾಡುವವನಿಗೆ ಜ್ವರವನ್ನೂ ತರಿಸುತ್ತದೆ. ಮುಖ್ಯ ಕಮಾನಿಗೆ ಬೇಕಾದದ್ದು ಬೆಸುಗೆ ಗೆರೆಯಿಲ್ಲದ ಉಕ್ಕಿನ ಕೊಳವೆ: 45 ಮಿ.ಮೀ. ವ್ಯಾಸಕ್ಕೆ 2.5 ಮಿ.ಮೀ. ದಪ್ಪ, ಇಲ್ಲವೇ 50ಕ್ಕೆ 2 ಮಿ.ಮೀ. ಹೆಲ್ಮೆಟ್ ತಾಗಬಹುದಾದ ಕಡೆಗಳಲ್ಲಿ ಮೆತ್ತೆ ಸುತ್ತಬೇಕು.

ಇಂಜಿನ್ನಿಗೆ ಬರುವ ಮುನ್ನ ಬ್ರೇಕಿನದೊಂದು ಮಾತು. ಹಳೆಯ ಪದ್ಮಿನಿಯ ನಾಲ್ಕು ಗಾಲಿಗಳಿಗೂ ಡ್ರಮ್ ಬ್ರೇಕು. ಕಾದಂತೆ ಹಿಡಿತ ಕಡಿಮೆಯಾಗುವುದು ಅದರ ಗುಣ. ಅದಕ್ಕಿಂತ ಕೆಟ್ಟದ್ದು ಹಳೆಯ ಬ್ರೇಕ್ ಎಣ್ಣೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಎಣ್ಣೆ ಕುದಿಯಲು 230 ಡಿಗ್ರಿ ಸೆಲ್ಸಿಯಸ್ಸಾದರೂ ಬೇಕು. ತೇವ ಹೀರಿದ ಮೇಲೆ ಅದೇ ಎಣ್ಣೆ 155ರ ಸುಮಾರಿಗೆ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬಿ ಪೆಡಲು ಸ್ಪಂಜಿನಂತಾಗಿ ನೆಲ ಮುಟ್ಟುತ್ತದೆ. ಮಲೆನಾಡಿನಲ್ಲಿ ಒಂದು ಮಳೆಗಾಲ ಕಳೆದ ಎಣ್ಣೆಯನ್ನು ಪಂದ್ಯಕ್ಕೆ ನಂಬುವುದು ಬೇಡ.

ಈಗ ಇಂಜಿನ್. ಮೊದಲು ಇದ್ದ ಬಲ ಎಷ್ಟು ಉಳಿದಿದೆ ನೋಡಿ: ಕಂಪ್ರೆಷನ್ ಅಳೆದು, ಟ್ಯಾಪೆಟ್ ಸರಿಪಡಿಸಿ, ಹೊಸ ಪ್ಲಗ್ಗು ಹಾಕಿ, ಟೈಮಿಂಗ್ ಹಿಡಿದರೆ ಷೆಡ್ಡಿನಲ್ಲಿ ಮಲಗಿದ್ದ ಎಷ್ಟೋ ಕಾರುಗಳಿಗೆ ಅಷ್ಟರಲ್ಲೇ ಜೀವ ಬರುತ್ತದೆ. ಅದರಾಚೆಗೆ ಬಲ ಬೇಕೆಂದರೆ ಎರಡು ದಾರಿ: ಹೆಚ್ಚು ಗಾಳಿ ಒಳಗೆ ಹೋಗಿ ಬರುವಂತೆ ಮಾಡುವುದು, ಒಳಗೆ ಹೋದದ್ದನ್ನು ಇನ್ನಷ್ಟು ಒತ್ತುವುದು. ಹೆಚ್ಚಿನವರು ಹಿಡಿಯುವುದು ಎರಡನೆಯದನ್ನು, ಅಂದರೆ ಹೆಡ್ಡನ್ನು ಲೇತಿಗೆ ಕೊಟ್ಟು ಕೆತ್ತಿಸುವುದನ್ನು.

ಪದ್ಮಿನಿಯ ಇಂಜಿನ್ 1089 ಸಿ.ಸಿ., ಸಿಲಿಂಡರಿನ ಬೋರು 68 ಮಿ.ಮೀ., ಪಿಸ್ಟನ್ನಿನ ಓಟ 75 ಮಿ.ಮೀ. ಒಂದು ಸಿಲಿಂಡರಿಗೆ ಸುಮಾರು 272 ಸಿ.ಸಿ. ಒತ್ತಡದ ಪ್ರಮಾಣ 7.5 ಇದೆಯೆಂದು ಇಟ್ಟುಕೊಂಡರೆ, ಪಿಸ್ಟನ್ ಮೇಲೆ ಬಂದು ನಿಂತಾಗ ಉಳಿಯುವ ಜಾಗ 42 ಸಿ.ಸಿ. ಅದನ್ನು 9ಕ್ಕೆ ಏರಿಸಲು ಉಳಿಯಬೇಕಾದದ್ದು 34. ಅಂದರೆ ಎಂಟು ಸಿ.ಸಿ. ಕಡಿಮೆಯಾಗಬೇಕು. ಹೆಡ್ಡಿನ ಬಟ್ಟಲು ಬೋರಿನಷ್ಟೇ ಅಗಲವಿದ್ದರೆ ಒಂದು ಮಿ.ಮೀ. ಕೆತ್ತಿದಾಗ ಮೂರೂವರೆ ಸಿ.ಸಿ. ಹೋಗುತ್ತದೆ, ಬಟ್ಟಲು ಚಿಕ್ಕದಾದರೆ ಅದಕ್ಕಿಂತ ಕಡಿಮೆ. ಆದುದರಿಂದ ಕಣ್ಣಂದಾಜಿಗೆ ಬಿಡದೆ ಅಳೆಯತಕ್ಕದ್ದು. ವಿಧಾನ ಸುಲಭ. ಹೆಡ್ಡನ್ನು ಮಗುಚಿಟ್ಟು, ಪ್ಲಗ್ಗು ವಾಲ್ವುಗಳನ್ನು ಹಾಕಿಯೇ, ತೂತು ಕೊರೆದ ಗಾಜಿನ ತುಂಡನ್ನು ಗ್ರೀಸು ಸವರಿ ಬಟ್ಟಲಿಗೆ ಮುಚ್ಚಿ, ದನಕ್ಕೆ ಚುಚ್ಚುಮದ್ದು ಕೊಡುವ ಸಿರಿಂಜಿನಿಂದ ಸೀಮೆಎಣ್ಣೆ ತುಂಬಿಸಿದರೆ ಎಷ್ಟು ಹಿಡಿಯಿತೋ ಅದೇ ಲೆಕ್ಕ. ನಾಲ್ಕು ಬಟ್ಟಲುಗಳೂ ಒಂದೇ ಸಮ ಇರಬೇಕು. ಕೆತ್ತಿದ ಮೇಲೆ ವಾಲ್ವು ಪಿಸ್ಟನ್ನಿಗೆ ತಾಗುತ್ತದೆಯೇ ಎಂಬುದನ್ನೂ ನೋಡಬೇಕು. ಪಿಸ್ಟನ್ನಿನ ಮೇಲೆ ಮಕ್ಕಳಾಟದ ಮೆತ್ತನೆಯ ಜೇಡಿಯನ್ನು ಇಟ್ಟು ಕೈಯಲ್ಲಿ ಇಂಜಿನ್ ತಿರುಗಿಸಿದರೆ ಗುರುತು ಬೀಳುತ್ತದೆ.

ಇನ್ನು ಬೆಟ್ಟದ ಮೇಲಿರುವ ನಮಗೇ ವಿಶೇಷವಾಗಿ ತಾಗುವ ವಿಷಯ. ಚಿಕ್ಕಮಗಳೂರು, ಮಡಿಕೇರಿ ಎರಡೂ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲೆ. ಈ ಎತ್ತರದಲ್ಲಿ ಗಾಳಿ ಸುಮಾರು ಹತ್ತನೆಯ ಒಂದು ಪಾಲು ತೆಳು. ಇಂಜಿನ್ನಿನ ಬಲವೂ ಹೆಚ್ಚುಕಡಿಮೆ ಅಷ್ಟೇ ಕುಗ್ಗುತ್ತದೆ. ಕಾರ್ಬುರೇಟರಿನ ಜೆಟ್ಟು ನಮ್ಮ ಬೋರ್ಡೋ ಸಿಂಪಡಿಸುವ ಗನ್ನಿನ ನಾಜಲ್ ಇದ್ದಂತೆ, ತೂತಿನ ಅಳತೆಗೆ ತಕ್ಕಷ್ಟು ಬಿಡುತ್ತದೆ. ಗಾಳಿ ತೆಳುವಾದಾಗ ಪೆಟ್ರೋಲು ಹೆಚ್ಚಾಗಿ ಕಪ್ಪು ಹೊಗೆ ಬರುತ್ತದೆ. ಮೆಕ್ಯಾನಿಕ್ ಜೆಟ್ಟು ಸಣ್ಣದು ಮಾಡಿ, ಟೈಮಿಂಗನ್ನು ಮುಂದಕ್ಕೆ ತಂದು ಸರಿಪಡಿಸುತ್ತಾನೆ. ಮನೆಯಂಗಳದಲ್ಲಿ ಕಾರು ಹಾರುತ್ತದೆ. ಅದೇ ಕಾರನ್ನು ಘಾಟಿ ಇಳಿಸಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈಗೆ (1990ರಲ್ಲಿ ಅಲ್ಲಿ ಟ್ರ್ಯಾಕು ಆರಂಭವಾಗುವ ಮುಂಚೆ ಷೋಳಾವರಂನ ಹಳೆಯ ವಿಮಾನ ಪಟ್ಟಿಗೆ) ಒಯ್ದರೆ ಗಾಳಿ ದಟ್ಟವಾಗಿರುತ್ತದೆ, ಪೆಟ್ರೋಲು ಸಾಲದು, ಸೆಕೆ ಬೇರೆ. ಕೆತ್ತಿದ ಹೆಡ್ಡು ಟಕಟಕ ಎನ್ನತೊಡಗುತ್ತದೆ. ಆ ಸದ್ದನ್ನು ಕೇಳಿಯೂ ಎರಡು ಸುತ್ತು ಓಡಿಸಿದರೆ ಪಿಸ್ಟನ್ನಿನ ನೆತ್ತಿಯಲ್ಲಿ ತೂತು.

ಈಗ ಅದಕ್ಕೆ ಇನ್ನೊಂದು ಸೇರಿದೆ. 2025ರಿಂದ ದೇಶದ ಬಹುಪಾಲು ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲು. ವಿಜಯಪುರ ಜಿಲ್ಲೆಯಂತಹ ಕಡೆ ಬಯಲುಸೀಮೆಯ ಬಂಧುಗಳು ಬೆಳೆದ ಕಬ್ಬಿಗೆ ಇದರಿಂದ ಗಿರಾಕಿ ಹೆಚ್ಚಿದ್ದಾರೆ, ಸಂತೋಷ. ಎಥನಾಲಿಗೆ ಟಕಟಕ ತಡೆಯುವ ಗುಣವೂ ಉಂಟು. ಆದರೆ ಬರೇ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು ಹದಿಮೂರೂವರೆ ಸಾಕು. ಹಳೆಯ ಜೆಟ್ಟಿಗೆ ಇದನ್ನೇ ಹಾಕಿದರೆ ಮಿಶ್ರಣ ಏಳೆಂಟು ಶೇಕಡ ಬಡವಾದಂತೆ. ಬೆಟ್ಟದ ಮೇಲೆ ಆ ಕೊರತೆ ಕಾಣುವುದಿಲ್ಲ, ಕೆಳಗೆ ಹೋದಾಗ ಎರಡೂ ಒಟ್ಟಿಗೆ ಕಾಡುತ್ತವೆ. ಆದ್ದರಿಂದ ಎರಡು ಮೂರು ಅಳತೆಯ ಜೆಟ್ಟುಗಳನ್ನು ಜೊತೆಗೆ ಒಯ್ದು, ಪಂದ್ಯದ ಸ್ಥಳದಲ್ಲಿ ಓಡಿಸಿ ಪ್ಲಗ್ಗಿನ ಬಣ್ಣ ನೋಡಿ: ಬೂದು ಕಂದಾದರೆ ಸರಿ, ಬಿಳಿಚಿದ್ದರೆ ದೊಡ್ಡ ಜೆಟ್ಟು. ಹಳೆಯ ಕಾರಿನ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಈ ಮಿಶ್ರಣಕ್ಕೆ ಮೆತ್ತಗಾಗಿ ಸೋರುವುದುಂಟು. ಅವನ್ನು ಬದಲಿಸದೆ ಇಂಜಿನ್ ಬಿಸಿ ಮಾಡಬೇಡಿ. ಕಂಪ್ಯೂಟರ್ ಇರುವ ಈಚಿನ ಕಾರುಗಳಲ್ಲಿ ಎತ್ತರದ ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಅವುಗಳಿಗೆ "ಚಿಪ್ಪು" ಮಾರುವವರ ಬಳಿ ಅಳೆದ ಲೆಕ್ಕ ಕೇಳಿ, ಬರೇ ಮಾತು ಬೇಡ.

ಏರ್ ಫಿಲ್ಟರ್ ಕಿತ್ತೆಸೆದರೆ ಬಲ ಬರುತ್ತದೆಂಬ ನಂಬಿಕೆ ಇನ್ನೂ ಸತ್ತಿಲ್ಲ. ಒಂದು ಬೇಸಗೆಯಲ್ಲಿ ನಾವು ಬಸವನ ಬಾಗೇವಾಡಿಯಿಂದ ಇಂಗಳೇಶ್ವರಕ್ಕೆ ಜೀಪಿನಲ್ಲಿ ಹೋಗಿ ಸುತ್ತಲಿನ ಹೊಲದ ದಾರಿಗಳಲ್ಲೂ ಓಡಾಡಿ ಬಂದೆವು. ಊರಿಗೆ ಮರಳಿ ಫಿಲ್ಟರನ್ನು ಮೆಟ್ಟಿಲಿಗೆ ಬಡಿದಾಗ ಬಿದ್ದ ಎರೆಮಣ್ಣಿನ ಪುಡಿ ಅಂಗೈ ತುಂಬ ಬಂತು. ಒಣಗದ್ದೆಯ ಪಂದ್ಯದಲ್ಲಿ ಮುಂದಿನ ಕಾರು ಎಬ್ಬಿಸುವ ಧೂಳು ಅದಕ್ಕೇನೂ ಕಡಿಮೆಯಲ್ಲ. ಫಿಲ್ಟರಿಲ್ಲದ ಇಂಜಿನ್ನಿನಲ್ಲಿ ಅದು ರಿಂಗಿಗೂ ಬೋರಿಗೂ ಉಪ್ಪುಕಾಗದ ಉಜ್ಜಿದಂತೆ. ಗಾಳಿ ಹೆಚ್ಚು ಬೇಕಾದರೆ ದೊಡ್ಡ ಫಿಲ್ಟರ್ ಹಾಕಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇವೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಲು ಬರುವುದಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಪಂದ್ಯ ಓಡಿಸುವುದಕ್ಕೆ 189ನೆಯ ಕಲಮಿನಲ್ಲಿ ಶಿಕ್ಷೆಯಿದೆ; "ಬೆಳಗಿನ ಜಾವ ಘಾಟಿಯಲ್ಲಿ ಸ್ವಲ್ಪ ಅಭ್ಯಾಸ" ಎನ್ನುವವರು ಇದನ್ನು ಓದಿಕೊಳ್ಳಲಿ. ಮಾಮೂಲಿನ ವಿಮಾ ಪಾಲಿಸಿಯನ್ನು ತೆರೆದು ನೋಡಿ: ಪಂದ್ಯ ಮತ್ತು ವೇಗ ಪರೀಕ್ಷೆಯ ಬಳಕೆಗೆ ಪರಿಹಾರವಿಲ್ಲವೆಂದು ಅಲ್ಲೇ ಅಚ್ಚಾಗಿರುತ್ತದೆ. ಮಾನ್ಯತೆಯಿರುವ ಪಂದ್ಯಗಳಿಗೆ ಭಾರತೀಯ ಮೋಟಾರು ಕ್ರೀಡಾ ಒಕ್ಕೂಟದ (ಎಫ್.ಎಂ.ಎಸ್.ಸಿ.ಐ.) ಲೈಸೆನ್ಸ್ ಬೇಕು. ಯಾವ ವರ್ಗದಲ್ಲಿ ಏನೇನು ಮಾರ್ಪಾಡು ಸಲ್ಲುತ್ತದೆಂಬ ನಿಯಮ ಪುಸ್ತಕವನ್ನು ಹೆಡ್ಡು ಬಿಚ್ಚುವ ಮುಂಚೆ ಓದತಕ್ಕದ್ದು. ಕೆತ್ತಿದ ಹೆಡ್ಡನ್ನು ಮತ್ತೆ ಬೆಳೆಸಲಾಗದು.

ಸಿದ್ಧವಾದ ಕಾರನ್ನು ಪಂದ್ಯಕ್ಕೆ ಓಡಿಸಿಕೊಂಡು ಹೋಗದೆ ಪಿಕಪ್ಪಿನ ಮೇಲೋ ಟ್ರೈಲರಿನ ಮೇಲೋ ಒಯ್ಯಿರಿ. ಬ್ಯಾಟರಿ ಅಲುಗದಂತೆ ಬಿಗಿದಿರಲಿ, ಬೆಂಕಿ ಆರಿಸುವ ಡಬ್ಬಿ ಬೆಲ್ಟು ಹಾಕಿ ಕುಳಿತವನ ಕೈಗೆ ಎಟಕುವಂತಿರಲಿ. ಪಂದ್ಯದ ಬೆಳಿಗ್ಗೆ ತಪಾಸಣೆಗೆ ಬರುವವರು ಬಾನೆಟ್ಟಿಗಿಂತ ಮುಂಚೆ ಬಾಗಿಲು ತೆಗೆದು ಸೀಟನ್ನು ಎರಡೂ ಕೈಯಿಂದ ಹಿಡಿದು ಅಲ್ಲಾಡಿಸಿದರೆ ಬೇಸರ ಪಡಬೇಡಿ. ನಮ್ಮ ಪದ್ಮಿನಿಯ ಸೀಟನ್ನು ಅಂದು ಹಾಗೆ ಯಾರೂ ಅಲ್ಲಾಡಿಸಿ ನೋಡಿರಲಿಲ್ಲ.